ಬಲ್ಬನ್ನು ನಂಬದ ಮೈದುನ

ಕತ್ತಲಾದ ಮೇಲೆ ನನ್ನ ಮೈದುನನಿಗೆ ಯಾವ ಬಣ್ಣ ತೋರಿಸಿಯೂ ಪ್ರಯೋಜನವಿಲ್ಲ. ಕಣ್ಣೇನೋ ಚೆನ್ನಾಗಿದೆ. ಬಲ್ಬಿನ ಮೇಲೆ ನಂಬಿಕೆಯಿಲ್ಲ, ಅಷ್ಟೆ. ಬಲ್ಬು ಸುಳ್ಳು ಹೇಳುತ್ತದಂತೆ. ನಮ್ಮ ಹಟ್ಟಿಯಲ್ಲಿ ಸುಳ್ಳು ಹೇಳುವವರು ಬೇಕಾದಷ್ಟು ಜನ ಇರುವಾಗ ಬಲ್ಬಿನ ಮೇಲೇ ಯಾಕಪ್ಪ ನಿನಗೆ ಸಿಟ್ಟು ಎಂದು ಕೇಳಿದರೆ, "ಅವರ ಮಾತನ್ನು ಯಾರು ನಂಬುತ್ತಾರೆ ಅತ್ತಿಗೆ? ಬಲ್ಬನ್ನು ಎಲ್ಲರೂ ನಂಬುತ್ತಾರೆ" ಎನ್ನುತ್ತಾನೆ.

ಟೀ ಫ್ಯಾಕ್ಟರಿಯಲ್ಲಿ ಎಲೆ ನೋಡುವುದು ಅವನ ಕೆಲಸವಾಗಿತ್ತು. ತೋಟದವರು ತಂದ ಎಲೆಯನ್ನು ಕಿಟಕಿಗೆ ಹಿಡಿದು, ಇದು ಎಳೆಯದು, ಇದು ಬಲಿತದ್ದು ಎಂದು ಹೇಳಬೇಕು. ಕೆಲಸ ಮುಗಿದು ಮನೆಗೆ ಬಂದರೂ ಕಿಟಕಿ ಅವನನ್ನು ಬಿಡಲಿಲ್ಲ. ಹೆಣ್ಣು ನೋಡಲು ಹೋದಾಗಲೂ ಹಾಗೇ. ಅವರ ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿ, ದೀಪ ಹಾಕಿದ್ದರು. "ಬೆಳಗ್ಗೆ ನೋಡಿ ಹೇಳುತ್ತೇನೆ" ಎಂದುಬಿಟ್ಟ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ರಾತ್ರಿ ಅಲ್ಲೇ ಉಳಿದೆವು. ಬೆಳಗ್ಗೆ ಆ ಹುಡುಗಿ ಅಂಗಳಕ್ಕೆ ಬಂದು, "ಮೊದಲು ಇವರು ಬಿಸಿಲಿಗೆ ಬರಲಿ. ನಾನೂ ನಿನ್ನೆ ದೀಪದಲ್ಲೇ ನೋಡಿದ್ದು" ಎಂದಳು. ಅಂಥವಳೇ ಸಿಕ್ಕಬೇಕಿತ್ತು, ಸಿಕ್ಕಳು.

ಈ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಹಾಸಿಗೆ ಹಿಡಿದಳು. ನಾಲ್ಕು ವರ್ಷದ ಕೂಸು. ಸಣ್ಣ ಜ್ವರ, ತಿಂದದ್ದೆಲ್ಲ ವಾಂತಿ, ಸುಮ್ಮನೆ ಮಲಗಿರುತ್ತಿದ್ದಳು. ಊಟಿ ರಸ್ತೆಗೆ ಮಣ್ಣು ಕುಸಿದು ಬಸ್ಸು ನಿಂತಿತ್ತು. ಮಗ ಗೂಡಲೂರಿನಲ್ಲಿ ಕೆಲಸದ ಮೇಲಿದ್ದ. ಅವನು ಅಲ್ಲಿಂದಲೇ ಏರ್ಪಾಟು ಮಾಡಿ, ಹತ್ತು ಗಂಟೆಗೆ ಡಾಕ್ಟರಮ್ಮ ಫೋನಿನಲ್ಲಿ ನೋಡುತ್ತಾರೆ ಎಂದ.

ನಾನೂ ಸೊಸೆಯೂ ಎಂಟಕ್ಕೇ ಶುರು ಮಾಡಿದೆವು. ಕೂಸಿನ ಮುಖ ಒರೆಸಿ, ಪೌಡರ್ ಹಚ್ಚಿ, ಎರಡು ಜಡೆ ಹಾಕಿ, ಹೊಸ ಹಳದಿ ಸ್ವೆಟರ್ ತೊಡಿಸಿ, ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದೆವು. ಡಾಕ್ಟರ ಎದುರು ಕೊಳಕಾಗಿ ಕೂರಿಸುವುದುಂಟೆ? ಕಾಯಿಲೆಯ ಮಗು ಫೋಟೋ ತೆಗೆಸಿಕೊಳ್ಳುವ ಮಗುವಾಯಿತು. ನನಗೆ ಅದೇ ಸರಿ ಅನ್ನಿಸಿತು. ಬುದ್ಧಿ ಇಲ್ಲದ್ದು ನನಗೇ.

ಮೈದುನ ಬಂದವನು ಬಾಗಿಲಲ್ಲೇ ನಿಂತ.

"ಇದೇನು, ಮದುವೆಗೆ ಹೊರಟಿದ್ದೀರಾ?"

"ಡಾಕ್ಟರು ನೋಡುತ್ತಾರೆ ಮಾವ" ಎಂದಳು ಸೊಸೆ.

"ಏನು ನೋಡುತ್ತಾರೆ? ಪೌಡರನ್ನೋ?" ಎಂದು ಒದ್ದೆ ಬಟ್ಟೆಯಿಂದ ಮುಖ ಒರೆಸಿದ. ಸ್ವೆಟರ್ ಬಿಚ್ಚಿದ. "ಅತ್ತಿಗೆ, ಒಂದು ಬಿಳಿ ಮುಂಡು ಕೊಡಿ. ಹೊಸದು."

ಹೊಸ ಬಿಳಿ ಬಟ್ಟೆ ಇದ್ದದ್ದು ಒಂದೇ. ನಾನು ಹೋದ ದಿನ ಹೊದಿಸಲಿ ಎಂದು ಪೆಟ್ಟಿಗೆಯಲ್ಲಿ ಇಟ್ಟದ್ದು. ಹೇಳಿದೆ.

"ನೀವು ಇನ್ನೂ ಹೋಗಿಲ್ಲವಲ್ಲ, ಕೊಡಿ."

ಕೊಟ್ಟೆ. ಅದರಲ್ಲಿ ಕೂಸನ್ನು ಸುತ್ತಿ ಎತ್ತಿಕೊಂಡು ಜಗಲಿಗೆ ನಡೆದ. ಹೊರಗೆ ಮಂಜು ಕವಿದಿತ್ತು. ಚಳಿಯಲ್ಲಿ ಮಗುವನ್ನು ಕೊಲ್ಲುತ್ತೀಯಾ ಎಂದು ಬೈದೆ. "ಮಂಜಿನ ಬೆಳಕು ಬಣ್ಣಕ್ಕೆ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕದಿಯುವುದಿಲ್ಲ. ಐದು ನಿಮಿಷ" ಎಂದ. ಆಮೇಲೆ ಸೊಸೆಯ ಕೈಗೆ ತನ್ನ ಮನೆಯಿಂದ ತರಿಸಿದ ಒಂದು ಪಿಂಗಾಣಿ ಬಟ್ಟಲು ಕೊಟ್ಟು, ಮಗು ಮೂತ್ರ ಮಾಡಿದರೆ ಇದರಲ್ಲಿ ಹಿಡಿ ಎಂದ. ಅದು ಅವನು ಚಹಾದ ಬಣ್ಣ ನೋಡುವ ಬಿಳಿ ಬಟ್ಟಲು. ಹೆಂಡತಿಗೂ ಅದನ್ನು ತೊಳೆಯಲು ಬಿಟ್ಟವನಲ್ಲ.

ಡಾಕ್ಟರಮ್ಮ ಫೋನಿನಲ್ಲಿ ಬಂದರು. ಚಿಕ್ಕ ವಯಸ್ಸಿನವರು. ಮಗು ಮೇಲೆ ನೋಡಲಿ ಎಂದರು. ಮೈದುನ ಬೆರಳಿನಿಂದ ಕೂಸಿನ ಕೆಳರೆಪ್ಪೆ ಎಳೆದು ಹಿಡಿದ. ಅವರು ಹತ್ತಿರ ಬಾಗಿದರು. ಆಗ ನನಗೂ ಕಂಡಿತು. ಆ ಬಿಳಿ ಬಟ್ಟೆಯ ಪಕ್ಕದಲ್ಲಿ ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಮೂತ್ರ ಹೇಗಿದೆ ಎಂದು ಕೇಳಿದರು. ಅಷ್ಟರಲ್ಲಿ ಸೊಸೆ ಹಿಡಿದಿಟ್ಟಿದ್ದ ಬಟ್ಟಲು ತೋರಿಸಿದ. ಕಡು ಚಹಾ ಇದ್ದಂತಿತ್ತು.

"ಕಾಮಾಲೆ ಇರುವ ಹಾಗಿದೆ. ಇವತ್ತೇ ರಕ್ತ ಪರೀಕ್ಷೆ ಆಗಬೇಕು. ನಾಳೆಗೆ ಇಡಬೇಡಿ" ಎಂದರು.

ಸೊಸೆ ಅಳಲು ಕೂತಳು. ಅಳುವುದಾದರೆ ನಡೆಯುತ್ತಾ ಅಳು ಎಂದೆ. ಕುಸಿದ ಮಣ್ಣಿನವರೆಗೆ ನಡೆದೆವು. ಅಲ್ಲಿ ಮೊಣಕಾಲುದ್ದ ಕೆಸರು. ಅರವತ್ತೈದರ ಮೈದುನ ಕೂಸನ್ನು ಎದೆಗೆ ಒತ್ತಿಕೊಂಡು ದಾಟಿದ. ಆಚೆ ಕಡೆ ಜೀಪು ಸಿಕ್ಕಿತು. ಊಟಿ ಮುಟ್ಟುವವರೆಗೆ ಅವನು ಕೂಸನ್ನು ತೊಡೆಯಿಂದ ಇಳಿಸಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಡ್ರಿಪ್ ಹಾಕಿದರು. ಸಂಜೆ ಡಾಕ್ಟರು ಬಂದು, ಕಾಮಾಲೆಯೇ, ಆದರೆ ಹೆದರುವಂಥದ್ದಲ್ಲ, ನಾಲ್ಕು ದಿನ ಇಲ್ಲಿರಲಿ, ಸರಿಹೋಗುತ್ತಾಳೆ ಎಂದರು. ಸೊಸೆ ಔಷಧಿ ತರಲು ಓಡಿದಳು. ಕೂಸು ಮೈದುನನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವನ ಪಂಚೆಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು.

"ಇನ್ನು ಮಂಚದ ಮೇಲೆ ಮಲಗಿಸಪ್ಪ" ಎಂದೆ. "ಡಾಕ್ಟರೇ ಹೇಳಿದರಲ್ಲ."

"ಸ್ವಲ್ಪ ಹೊತ್ತು ಇರಲಿ ಅತ್ತಿಗೆ" ಎಂದ. "ಇವಳನ್ನು ಹಿಡಿದುಕೊಂಡಿದ್ದರೆ ಕೈ ನಡುಗುವುದಿಲ್ಲ."

ನಾನು ಅವನ ಪಕ್ಕದಲ್ಲಿ ಕೂತೆ.