ಸ್ಥಿತಿ: ಹೌದು

ನಿವೃತ್ತರ ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದವನಿಗೆ ಕಚೇರಿಯಲ್ಲಿ ‘ಆಮೇಲಣ್ಣ’ ಎಂದೇ ಹೆಸರು. ಏನು ಹೇಳಿದರೂ ‘ಆಮೇಲೆ ಮಾಡೋಣ’ ಎನ್ನುವ ಆಸಾಮಿ. ಸದಸ್ಯರು ಬದುಕಿದ್ದಾರೋ ಇಲ್ಲವೋ ಎಂದು ಹೌದು-ಇಲ್ಲಗಳಲ್ಲಿ ತುಂಬುವ ಜಾಗವೊಂದು ಪ್ರೋಗ್ರಾಮಿನಲ್ಲಿತ್ತು. ಅದಕ್ಕೆ ಅವನು ‘ಸ್ಥಿತಿ’ ಎಂದಷ್ಟೇ ಹೆಸರಿಟ್ಟಿದ್ದ.

“ಸ್ಥಿತಿ ಹೌದು ಅಂದ್ರೆ ಏನಪ್ಪಾ ಅರ್ಥ?” ಎಂದು ಪಕ್ಕದ ಮೇಜಿನ ಅಕ್ಕ ಆಗಲೇ ಕೇಳಿದ್ದಳು. “ಹೌದು-ಇಲ್ಲ ಅನ್ನೋ ಕಡೆ ಹೆಸರೇ ಪ್ರಶ್ನೆ ಕೇಳ್ಬೇಕು. ‘ಬದುಕಿದ್ದಾರೆಯೇ’ ಅಂತಿಡು.”

“ನಂಗೆ ಗೊತ್ತಲ್ಲ ಅಕ್ಕ. ಆಮೇಲೆ ಬದಲಾಯಿಸ್ತೀನಿ.”

ವರ್ಷ ಕಳೆಯುವುದರೊಳಗೆ ಅವನಿಗೇ ಮರೆತುಹೋಗಿತ್ತು. ಅಗಲಿದ ಸದಸ್ಯರ ಮನೆಯವರಿಗೂ ನೆರೆಯವರಿಗೂ ಫೋನಿನಲ್ಲಿ ಸಂತಾಪ ಸಂದೇಶ ಕಳಿಸಿ ಎಂದು ಕಾರ್ಯದರ್ಶಿ ಹೇಳಿದ ಬೆಳಿಗ್ಗೆ, ‘ಹೌದು’ ಎಂದರೆ ಹೋದವರೇ ಇರಬೇಕೆಂದುಕೊಂಡು ಗುಂಡಿ ಒತ್ತಿದ. ಬದುಕಿದ್ದವರೆಲ್ಲ ಒಂದೇ ಏಟಿಗೆ ಸ್ವರ್ಗಸ್ಥರಾದರು.

ಮೊದಲ ಫೋನು ಹೆಂಡತಿಯದು. “ರೀ, ಅಪ್ಪ ತೀರ್ಕೊಂಡಿದ್ದಾರಂತೆ. ಅಪ್ಪನೇ ಫೋನ್ ಮಾಡಿ ಹೇಳಿದ್ರು.”

ಎದ್ದೆನೋ ಬಿದ್ದೆನೋ ಎಂದು ಅವನು ಲ್ಯಾಪ್‌ಟಾಪ್ ಹಿಡಿದು ಮಾವನ ಮನೆಗೆ ಓಡಿದ. ಹೊಸಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಮಾವ ಕುರ್ಚಿಯಲ್ಲಿ ಕೂತಿದ್ದರು. ಎದುರುಮನೆಯಾಕೆ ಅವರನ್ನೇ ನೋಡುತ್ತ, ಅವರ ಗುಣಗಾನ ಮಾಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಾನು ಇಲ್ಲೇ ಇದ್ದೀನಲ್ಲಮ್ಮ,” ಎಂದರು ಮಾವ.

“ಸಂಘದಿಂದಲೇ ಬಂದಿದೆ ಅಂದ್ಮೇಲೆ ಸುಳ್ಳಿರುತ್ತಾ ಅಣ್ಣಾ?”

ಕೆಳಮನೆಯ ನಿವೃತ್ತ ಕಂಡಕ್ಟರು ಮಾವನ ಬೆನ್ನು ಸವರಿ ಧೈರ್ಯ ಹೇಳುತ್ತಿದ್ದರು. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ತಾವೂ ತೀರಿಹೋದ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲ.

“ತಪ್ಪು ನಂದೇ,” ಎಂದ ಆಮೇಲಣ್ಣ, ನೆಲ ನೋಡುತ್ತ. ಭೂಮಿ ಬಾಯಿಬಿಟ್ಟಿದ್ದರೆ ಕಂಪ್ಯೂಟರ್ ಸಮೇತ ಇಳಿದುಬಿಡುತ್ತಿದ್ದ.

“ಹೋಗ್ಲಿ ಬಿಡಿ ಅಳಿಯಂದ್ರೇ. ಇಷ್ಟು ಒಳ್ಳೆ ಮಾತು ಕೇಳೋಕೆ ನಿಜವಾಗ್ಲೂ ಸಾಯ್ಬೇಕೇನೋ ಅಂದ್ಕೊಂಡಿದ್ದೆ.”

ಆ ಔದಾರ್ಯ ಅವನನ್ನು ಇನ್ನಷ್ಟು ಕುಗ್ಗಿಸಿತು. ಈ ಸಲ ‘ಆಮೇಲೆ’ ಎನ್ನಲಿಲ್ಲ. ಅಲ್ಲೇ ಕೂತು, ಅಕ್ಕನ ಮಾತಿನಂತೆ ಪ್ರಶ್ನೆಯ ಹೆಸರನ್ನೇ ಇಟ್ಟ: ‘ತೀರಿಕೊಂಡಿಲ್ಲವೇ’. ಯಾರನ್ನಾದರೂ ಹೀಗೆ ಕೇಳಿದರೆ ಬದುಕಿದ್ದವನು ‘ಇಲ್ಲ’ ಎನ್ನುತ್ತಾನೆ ತಾನೇ? ಹಾಗಾಗಿ ‘ಇಲ್ಲ’ ಎಂದಿದ್ದವರಿಗೆಲ್ಲ ಕ್ಷಮಾಪಣೆ ಕಳಿಸಿದ. ಹೆಸರು ಬದಲಾಗಿತ್ತು, ಒಳಗಿನ ಉತ್ತರಗಳು ಹಳೆಯವೇ.

ಕೂತವರ ಫೋನುಗಳು ಸದ್ದು ಮಾಡಲಿಲ್ಲ. ಒಳಗಿನ ಬೀರುವಿನಲ್ಲಿ ಏನೋ ಟಿಣ್ ಎಂದಿತು.

ಮಾವ ಎದ್ದುಹೋಗಿ, ಹೋದ ವರ್ಷ ತೀರಿಕೊಂಡ ಅತ್ತೆಯ ಫೋನು ತಂದರು. ಆಕೆಯೂ ಸಂಘದ ಸದಸ್ಯೆಯೇ. ಫೋನಿಗೆ ಮಾವ ಇನ್ನೂ ಚಾರ್ಜ್ ಹಾಕುತ್ತಿದ್ದರು. ಕನ್ನಡಕ ಏರಿಸಿ ಓದಿದರು: “ತಾವು ಬದುಕಿದ್ದೀರಿ. ತಪ್ಪು ಮಾಹಿತಿಗಾಗಿ ಕ್ಷಮೆಯಿರಲಿ.”

ಅವನು ತಲೆ ಎತ್ತಲಿಲ್ಲ.

ಅರ್ಧ ಗಂಟೆಯೊಳಗೆ ಕಾರ್ಯದರ್ಶಿಯ ಕರೆ ಬಂತು. “ಸಂಘದ ಬಾಗಿಲಲ್ಲಿ ಒಂದು ಗುಂಪು ಹೆಂಗಸರು ನಿಂತಿದ್ದಾರೆ ಕಣಯ್ಯ. ‘ಬದುಕಿದ್ರೆ ನಮ್ಮೆಜಮಾನ್ರನ್ನ ಮನೆಗೆ ಕಳಿಸಿ’ ಅಂತಿದ್ದಾರೆ. ಇಲ್ಲ ಅನ್ನೋಕೆ ನನ್ ಕೈಲಾಗಲ್ಲ. ನೀನೇ ಬಂದು ಹೇಳು.”