ಹಲ್ಲಿನ ಡಾಕ್ಟರ ಭೂತದ ಸಿನಿಮಾ

ಸಿನಿಮಾ ನೋಡಿ ನಗುವುದು ಹೇಗೆಂದು ಊರಿನಲ್ಲಿ ಯಾರಿಗೂ ತಿಳಿಯದು, ತಿಳಿದಿರುವುದು ತಮಗೊಬ್ಬರಿಗೇ ಎಂದು ಹಲ್ಲಿನ ಡಾಕ್ಟರು ಬಲವಾಗಿ ನಂಬಿದ್ದರು. ಬರೀ ಹಾಸ್ಯದ ಚಿತ್ರ ಅವರ ಪ್ರಕಾರ ಉಪ್ಪಿಲ್ಲದ ಅಡುಗೆ. ಬರೀ ದೆವ್ವದ ಚಿತ್ರವೆಂದರೆ ಬರೀ ಖಾರ. ಭೂತ ಬರಬೇಕು, ಬಂದ ಭೂತ ಸಾಬೂನಿನ ಮೇಲೆ ಕಾಲಿಟ್ಟು ಜಾರಬೇಕು, ಜಾರಿದ್ದು ಹೇಗೆಂದು ಪತ್ತೇದಾರ ತನಿಖೆ ಮಾಡಬೇಕು, ತನಿಖೆಯ ಮಧ್ಯೆ ಒಂದು ಪ್ರೇಮವೂ ಕುದುರಬೇಕು. ಅದು ಚಿತ್ರ! ಉಳಿದದ್ದೆಲ್ಲ ಟಿಕೆಟ್ಟಿಗೆ ದಂಡ.

ಅವರ ಹೆಂಡತಿಗೆ ಈ ಕಲಸುಮೇಲೋಗರ ಕಂಡರಾಗದು.

"ಒಂದು ಸಿನಿಮಾಗೆ ಒಂದು ಬುದ್ಧಿ ಇರಬೇಕು ರೀ. ಕರ್ಚೀಫ್ ಹಿಡ್ಕೊಂಡು ಕೂರಬೇಕೋ ಬೇಡವೋ ಅಂತ ಮೊದಲೇ ಗೊತ್ತಾಗಬೇಕು."

"ನಿನಗೆ ಅಭಿರುಚಿ ಇಲ್ಲ ಬಿಡು."

"ಇದ್ದಿದ್ರೆ ನಿಮ್ಮನ್ನ ಒಪ್ಕೊಳ್ತಿದ್ನಾ?"

ಈ ಮಾತುಕತೆ ಮನೆಯಲ್ಲಷ್ಟೇ ನಡೆದಿದ್ದರೆ ತೊಂದರೆಯಿರಲಿಲ್ಲ. ಆದರೆ ಗಂಡ ಹಲ್ಲು ಕೀಳುವಾಗ ಹೊರಗಿನ ಮೇಜಿನ ಬಳಿ ಕುಳಿತು ರೋಗಿಗಳನ್ನು ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಿದ್ದವಳೂ ಆಕೆಯೇ. ಇತ್ತೀಚೆಗೆ ಕಳಿಸಲು ಜನರೇ ಇರಲಿಲ್ಲ. ಎದುರಿಗೇ ಒಬ್ಬ ಹೊಸ ಡಾಕ್ಟರು ಗಾಜಿನ ಬಾಗಿಲು, ತಂಪು ಗಾಳಿ, ಮೀನಿನ ತೊಟ್ಟಿ ಎಲ್ಲವನ್ನೂ ಇಟ್ಟುಕೊಂಡು ಅಂಗಡಿ ತೆರೆದಿದ್ದರು. ಇವರ ಬೆಂಚಿನ ಮೇಲೆ ಹಳೆಯ ವಾರಪತ್ರಿಕೆಗಳು ಮಾತ್ರ ಕಾಯುತ್ತಿದ್ದವು. ಉಳಿದಿದ್ದ ಆಸೆ ಒಂದೇ: ಪಕ್ಕದ ಬೀದಿಯ ದೊಡ್ಡ ಶಾಲೆ. ಆ ಮಕ್ಕಳ ಹಲ್ಲಿನ ತಪಾಸಣೆ ಸಿಕ್ಕರೆ ಕ್ಲಿನಿಕ್ಕು ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಹೆಂಡತಿ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ದಾರಿಯಲ್ಲಿ, ತರಕಾರಿ ಅಂಗಡಿಯಲ್ಲಿ, ಕೊನೆಗೆ ಅವರ ತಂಗಿಯ ಮನೆಯಲ್ಲೂ ಹಿಡಿದು ಹಲ್ಲು ಕಿರಿದು ಕಿರಿದು ಒಲಿಸಿಕೊಂಡಿದ್ದಳು.

"ನೀನು ಮಕ್ಕಳನ್ನ ಕರೆಸು, ದೊಡ್ಡವರನ್ನ ನಾನು ಸೆಳೀತೀನಿ" ಎಂದು ಘೋಷಿಸಿದ ಡಾಕ್ಟರು, ಮಲಗುವ ಕುರ್ಚಿಯ ನೇರ ಮೇಲೆ, ಛಾವಣಿಗೆ ಒಂದು ಟಿ.ವಿ. ಬಿಗಿಸಿದರು. ರೋಗಿ ಅಂಗಾತ ಮಲಗಿ ಸಿನಿಮಾ ನೋಡುತ್ತಿರುತ್ತಾನೆ, ನೋವು ಎಲ್ಲಿ ಬಂತು ಎಲ್ಲಿ ಹೋಯಿತು ಅವನಿಗೇ ತಿಳಿಯುವುದಿಲ್ಲ!

ಮೊದಲ ದಿನ ಹಾಸ್ಯದ ಚಿತ್ರ ಹಾಕಿದರು. ರೋಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕ, ನಗುತ್ತಾ ಬಾಯಿ ಮುಚ್ಚಿದ, ಮುಚ್ಚಿದ ಬಾಯಿಯೊಳಗೆ ಡಾಕ್ಟರ ಬೆರಳಿತ್ತು.

"ನಾನು ಹೇಳಿರಲಿಲ್ವಾ?" ಹೆಂಡತಿ ಬೆರಳಿಗೆ ಬಟ್ಟೆ ಸುತ್ತುತ್ತಾ ಕೇಳಿದಳು.

"ತಪ್ಪು ಟಿ.ವಿ.ಯದ್ದಲ್ಲ ಕಣೇ, ಚಿತ್ರದ್ದು. ನಗುವವನು ಬಾಯಿ ಮುಚ್ಚಿ ತೆಗೆದು ಮಾಡ್ತಾನೆ. ಹೆದರಿದವನು ಬಾಯಿ ತೆಗೆದು ಅಲ್ಲಾಡದೆ ಮಲಗ್ತಾನೆ. ಆದ್ರೆ ಬರೀ ಹೆದರಿದ್ರೆ ಎದೆ ನಿಂತು ಹೋದೀತು, ನಡುನಡುವೆ ಸ್ವಲ್ಪ ನಗು ಬೇಕು. ಹಾಗಾದ್ರೆ ಯಾವ ಚಿತ್ರ ಹಾಕಬೇಕು?"

ಹೆಂಡತಿಗೆ ಉತ್ತರ ಗೊತ್ತಿತ್ತು. ಅದಕ್ಕೇ ತಲೆ ಹಿಡಿದುಕೊಂಡಳು.

"ಹೋಗಲಿ, ರೋಗಿಗಳ ಕಿವಿಗೆ ಹೆಡ್‌ಫೋನ್ ಆದ್ರೂ ಹಾಕಿ."

"ಆಮೇಲೆ ನಾನು ಏನು ಕೇಳಲಿ?"

ಮುಖ್ಯೋಪಾಧ್ಯಾಯಿನಿ ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಬಂದದ್ದು ಆ ವಾರವೇ. ಹಲ್ಲು ತೋರಿಸಿದಂತೆಯೂ ಆಯಿತು, ಡಾಕ್ಟರನ್ನು ಪರೀಕ್ಷಿಸಿದಂತೆಯೂ ಆಯಿತು ಎಂಬುದು ಅವರ ಲೆಕ್ಕ. ಹೆಂಡತಿ ಫ್ಯಾನಿನ ಕೆಳಗಿನ ಜಾಗ ಬಿಡಿಸಿಕೊಟ್ಟಳು. ಅದನ್ನು ಬಿಟ್ಟುಕೊಟ್ಟ ದರ್ಜಿ ಬೆಂಚಿನ ತುದಿಗೆ ಸರಿದ. ಒಳಗೆ ಬ್ಯಾಂಕಿನ ಕಾವಲುಗಾರ ಮಲಗಿದ್ದ. ಗೇಟಿನಲ್ಲಿ ಬಂದೂಕು ಹಿಡಿದು ನಿಲ್ಲುವ, ಮೀಸೆಯಲ್ಲೇ ಜನರನ್ನು ಸಾಲಿನಲ್ಲಿ ನಿಲ್ಲಿಸುವ ಆಳು. ಅವನಿಗೆ ಕಟ್ಟಿಸುವ ಹಲ್ಲು ಬೇಕಿತ್ತು. ಡಾಕ್ಟರು ಗುಲಾಬಿ ಬಣ್ಣದ ಮೇಣದಂಥ ಹಿಟ್ಟನ್ನು ಅಚ್ಚಿನಲ್ಲಿ ತುಂಬಿ ಅವನ ಬಾಯಿಗೆ ಒತ್ತಿ, ಅದು ಗಟ್ಟಿಯಾಗುವ ತನಕ ಅಲ್ಲಾಡಬೇಡ ಎಂದು ತಾಕೀತು ಮಾಡಿ, ತಮ್ಮ ಮೆಚ್ಚಿನ ಚಿತ್ರವನ್ನು ಹಾಕಿ, ತಾವೂ ಸ್ಟೂಲಿನ ಮೇಲೆ ಕುಳಿತು ಕತ್ತೆತ್ತಿದರು. ಆ ಚಿತ್ರ ಅವರಿಗೆ ಬಾಯಿಪಾಠ. ಪಾತ್ರಗಳಿಗಿಂತ ಮೊದಲೇ ಮಾತು ಹೇಳುತ್ತಿದ್ದರು, ಜೋಕಿಗಿಂತ ಮೊದಲೇ ನಗುತ್ತಿದ್ದರು.

ಹೊರಗೆ ಬೆಂಚಿನ ಮೇಲಿದ್ದವರಿಗೆ ಮೊದಲು ಕೇಳಿಸಿದ್ದು ಒಂದು ಚೀತ್ಕಾರ. ಅದರ ಹಿಂದೆಯೇ ಡಾಕ್ಟರ ಗಹಗಹಿಸುವ ನಗು.

ಮುಖ್ಯೋಪಾಧ್ಯಾಯಿನಿ ಕೆನ್ನೆಯಿಂದ ಕೈ ತೆಗೆದರು. "ಒಳಗೆ ಹೋಗಿದ್ದು ಗಂಡಸಲ್ವಾ?"

"ಹೌದು ಮೇಡಂ."

"ಕಿರುಚಿದ್ದು ಹೆಂಗಸು."

"ನೋವಿಗೆ ದನಿ ಬದಲಾಗುತ್ತೆ ಮೇಡಂ" ಎಂದು ದರ್ಜಿ ಅನುಭವಸ್ಥನಂತೆ ಹೇಳಿದ.

"ಅಯ್ಯೋ, ಅದು ಸಿನಿಮಾ ಮೇಡಂ" ಎಂದು ಹೆಂಡತಿ ಅವಸರದಿಂದ ಹೇಳಿದಳು.

"ಹಲ್ಲು ಕೀಳುವಾಗ ಸಿನಿಮಾನಾ? ನಾನು ಶಾಲೆ ನಡೆಸೋಳು. ಇಂಥ ನೆಪ ದಿನಾ ಕೇಳ್ತೀನಿ."

ಒಳಗಿನಿಂದ ಒಂದು ದಪ್ಪ ದನಿ "ಕೈ ಮುಗೀತೀನಿ, ನನ್ನ ಬಿಟ್ಟುಬಿಡಿ" ಎಂದಿತು. ಅದರ ಜೊತೆಯಲ್ಲೇ ಡಾಕ್ಟರ ದನಿ, ಬಹಳ ಸಂತೋಷದಿಂದ: "ಈ ಕೋಣೆಗೆ ಬಂದವರು ಜೀವಸಹಿತ ಹೊರಗೆ ಹೋಗಿದ್ದನ್ನ ಯಾರಾದ್ರೂ ನೋಡಿದ್ದೀರಾ?"

ದರ್ಜಿ ಚಪ್ಪಲಿ ಹಾಕಿಕೊಳ್ಳತೊಡಗಿದ. ಹೆಂಡತಿ ಟಿ.ವಿ. ಆರಿಸಲೆಂದು ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ಚಿತ್ರದ ಭೂತ ಪರದೆಯ ತುಂಬ ಮುಖ ತಂದು, ಉಗುರಿನ ಕೈ ಮುಂದೆ ಚಾಚಿತು. ಮುಂದಿನ ಕ್ಷಣ ಅದು ಜಾರಿ ಬೀಳುವುದಿತ್ತು, ಡಾಕ್ಟರಿಗೆ ಅದು ಗೊತ್ತಿತ್ತು. ಛಾವಣಿಯಿಂದ ಇಳಿದುಬರುವ ಕೈಯ ಕೆಳಗೆ ಮಲಗಿದ್ದ ಕಾವಲುಗಾರನಿಗೆ ಗೊತ್ತಿರಲಿಲ್ಲ. ಅವನು ಎದ್ದವನೇ ಬಾಗಿಲು ತಳ್ಳಿಕೊಂಡು ಹೊರಬಂದ. ಕುತ್ತಿಗೆಗೆ ಕಟ್ಟಿದ ಬಟ್ಟೆ ಹಾರಾಡುತ್ತಿತ್ತು, ಬಾಯಿಂದ ಅಚ್ಚಿನ ಹಿಡಿ ಹೊರಗೆ ಚಾಚಿಕೊಂಡಿತ್ತು, ಮೀಸೆಯಿಂದ ಗುಲಾಬಿ ಹಿಟ್ಟು ಇಳಿಯುತ್ತಿತ್ತು. "ಊಂ, ಊಂ" ಎನ್ನುತ್ತಾ ಅವನು ಬೀದಿಗಿಳಿದ. ದರ್ಜಿಯೂ ಕಾಲಿಗೆ ಬುದ್ಧಿ ಹೇಳಿದ. ಓಡಿದವರಿಬ್ಬರೂ ನುಗ್ಗಿದ್ದು ನೇರವಾಗಿ ಎದುರಿನ ಡಾಕ್ಟರ ಗಾಜಿನ ಬಾಗಿಲೊಳಗೆ.

ಮುಂದಿನ ರೋಗಿಗೆಂದು ಇಕ್ಕಳ ಹಿಡಿದು, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಡಾಕ್ಟರು ಹೊಸ್ತಿಲಿಗೆ ಬಂದರು.

"ಒಳ್ಳೇ ಜಾಗದಲ್ಲಿ ಎದ್ದು ಹೋದ. ಮುಂದಿನವರು ಯಾರು?"

"ನಾನಲ್ಲ" ಎಂದರು ಮುಖ್ಯೋಪಾಧ್ಯಾಯಿನಿ. ಹಲ್ಲುನೋವೂ ಅವರೂ ಒಟ್ಟಿಗೇ ಹೊರಟುಹೋದರು.

ಆಮೇಲೆ ಹೆಂಡತಿ ಬೈಯಲಿಲ್ಲ. ಬೆಂಚಿನ ಮೇಲಿದ್ದ ಹಳೆಯ ವಾರಪತ್ರಿಕೆಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ಅದೇ ಡಾಕ್ಟರನ್ನು ಹೆದರಿಸಿತು. ಎಷ್ಟೋ ತಿಂಗಳ ಆಕೆಯ ಪ್ರಯತ್ನವನ್ನು ತಮ್ಮ ಒಂದು ನಗು ನುಂಗಿತಲ್ಲ ಎಂದು ಅವರಿಗೆ ನಿಜವಾಗಿ ಬೇಸರವಾಯಿತು. ಅಂದು ಸಂಜೆಯೇ ತಾವೇ ಏಣಿ ಹತ್ತಿ ಟಿ.ವಿ. ಇಳಿಸಿದರು. ಹೆಂಡತಿ ಮರುದಿನ ಶಾಲೆಗೆ ಹೋಗಿ, ನಡೆದದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ವಿವರಿಸಿ, ಕ್ಷಮೆ ಕೇಳಿ ಬಂದಳು. ಮುಖ್ಯೋಪಾಧ್ಯಾಯಿನಿ ಆಲೋಚಿಸಿ ಹೇಳುತ್ತೇನೆ ಎಂದಿದ್ದರು.

ವಾರ ಕಳೆದ ಮೇಲೆ ಫೋನು ಬಂತು. ಹೆಂಡತಿ "ಹೌದು ಮೇಡಂ... ಹೌದಾ ಮೇಡಂ... ಎಲ್ಲರೂನಾ?" ಎಂದು ಕೇಳಿಸಿಕೊಂಡಳು. ಡಾಕ್ಟರು ಕೈಲಿದ್ದ ಕೆಲಸ ಬಿಟ್ಟು ಪಕ್ಕದಲ್ಲೇ ಬಂದು ನಿಂತರು.

"ಕೋಪ ಇಲ್ವಂತೆ" ಎಂದಳು ಫೋನಿಟ್ಟು. "ನಮ್ಮ ಕಥೆ ಕೇಳಿ ಬಿದ್ದು ಬಿದ್ದು ನಕ್ಕರಂತೆ. ಮಕ್ಕಳಿಗೂ ಹೇಳಿದ್ರಂತೆ. ಭಯ, ತಮಾಷೆ ಎರಡೂ ಇರೋ ಇಂಥ ಕಥೆ ಅವರು ಕೇಳೇ ಇರಲಿಲ್ವಂತೆ."

ಡಾಕ್ಟರ ಎದೆ ಉಬ್ಬಿತು. "ನೋಡಿದ್ಯಾ? ನನ್ನ ಅಭಿರುಚಿ! ಹಾಗಾದ್ರೆ ತಪಾಸಣೆ ಯಾವಾಗಿಂದ?"

"ತಪಾಸಣೆ ಬೇಡ್ವಂತೆ. ಆ ಶಾಲೆಗೆ ಇನ್ನು ಹಲ್ಲಿನ ಡಾಕ್ಟರೇ ಬೇಕಾಗಲ್ವಂತೆ."

"ಯಾಕೆ?"

"ಮಕ್ಕಳೆಲ್ಲ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಲ್ಲು ಉಜ್ತಿದ್ದಾರಂತೆ. ಉಜ್ಜದಿದ್ರೆ ನಿಮ್ಮ ಹತ್ರ ಕರ್ಕೊಂಡು ಬರ್ತೀನಿ ಅಂದ್ರಂತೆ."