ಕಲ್ಲಿನ ದನಿ, ನನ್ನ ಕಿವಿ

'ಕಿವಿಗೊಟ್ಟು ಕೇಳ್ರೋ' ಎಂದು ಇಪ್ಪತ್ತು ವರ್ಷ ಮಕ್ಕಳ ಮೇಲೆ ಕೂಗಿದ ಲೆಕ್ಕದ ಮಾಸ್ತರ ನಾನು. ಈಗ ಅವರೆಲ್ಲರ ಕ್ಷಮೆ ಕೇಳಬೇಕಾಗಿದೆ. ಕೇಳುವುದು ಕಿವಿಯೇ ಅಲ್ಲ ಸ್ವಾಮಿ! ಮನಸ್ಸು ಮೊದಲೇ ತೀರ್ಪು ಬರೆದಿಟ್ಟಿರುತ್ತದೆ, ಕಿವಿ ಆಮೇಲೆ ಬಂದು ಸಾಕ್ಷಿ ಹೇಳಿ ಹೋಗುತ್ತದೆ. ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಧ್ವನಿವರ್ಧಕ ಬೇರೆ ಊರಿನ ಹೆಸರು ಕೂಗುತ್ತಿದ್ದರೂ 'ಇದೇ ನಮ್ಮ ಗಾಡಿ' ಎಂದು ಹತ್ತಿ ಕುಳಿತು, ಸೋದರಳಿಯನ ಮದುವೆ ತಪ್ಪಿಸಿಕೊಂಡವನು ನಾನು. ಆದರೂ ಬುದ್ಧಿ ಬರಲು ಒಂದು ಕಲ್ಲು ಒಡೆಯಬೇಕಾಯಿತು.

ನನ್ನ ಹೆಂಡತಿ ಶಾಂತಾಗೆ ಮೊಣಕಾಲು ನೋವು. ನೆಲಕ್ಕೆ ಕುಳಿತು ರೊಟ್ಟಿ ಬಡಿದು ಏಳುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ನೋಡಿ ನನಗೂ ಸಂಕಟ. ನಿಂತೇ ಬಡಿಯುವಂಥ ಕಟ್ಟೆ ಹಾಕಿಸೋಣವೆಂದು ಇಬ್ಬರೂ ಚಿತ್ತಾಪುರದಿಂದ ಶಹಾಬಾದಿಗೆ, ಮಹಬೂಬ ಸಾಬರ ಕಲ್ಲಿನಂಗಡಿಗೆ ಹೋದೆವು. ನಮ್ಮ ಕಡೆ ಫರ್ಸಿ ಕಲ್ಲನ್ನು, ಅಂದರೆ ಹಾಸುಗಲ್ಲನ್ನು, ಬೆರಳ ಗೆಣ್ಣಿನಿಂದ ಬಾರಿಸಿಯೇ ಕೊಳ್ಳುವುದು. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿರುಕು. ನಾನೋ, ಬಾರಿಸುವ ಮೊದಲೇ ಒಂದು ತಿಳಿನೀಲಿ ಕಲ್ಲಿಗೆ ಮನಸೋತಿದ್ದೆ. ಬಾರಿಸಿದೆ. ಆಹಾ!

"ಠಣ್ ಅಂತು!" ಎಂದು ಕೂಗಿದೆ.

"ದಬ್ ಅಂತು ರೀ," ಎಂದಳು ಶಾಂತಾ.

"ನಿಂದು ಮೊಣಕಾಲಷ್ಟೇ ಅಲ್ಲ, ಕಿವೀನೂ ಹೋಗ್ಯಾವ!"

ಮಹಬೂಬ ಸಾಬರು ತಾವೂ ಒಮ್ಮೆ ಬಾರಿಸಿ, ನನ್ನ ಮುಖ ನೋಡಿ, ಕಲ್ಲನ್ನು ಟಂಟಂ ಆಟೋಗೆ ಏರಿಸಿದರು.

ಕಟ್ಟೆಯ ಮೇಲೆ ಮೂರನೇ ರೊಟ್ಟಿಗೇ ಕಲ್ಲು ಎರಡು ಹೋಳು. ಶಾಂತಾ ಮೊಣಕಾಲು ಹಿಡಿದುಕೊಂಡು ಮತ್ತೆ ನೆಲಕ್ಕೆ ಕುಳಿತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೇರ ಸಾಬರ ಹತ್ತಿರ ಜಗಳಕ್ಕೆ ಓಡಿದೆ.

"ನನಗೂ ದಬ್ ಅಂತನೇ ಕೇಳಿಸ್ತು ರೀ ಸರ," ಎಂದರು ಅವರು. "ಆದ್ರ ನೀವು ಲೆಕ್ಕದ ಮಾಸ್ತರ, ಅಷ್ಟು ಜೋರ್ ಠಣ್ ಅಂದ್ರಿ. ನನ್ನ ಕಿವೀನೇ ಖರಾಬ್ ಆಗ್ಯಾವ ಅಂದ್ಕೊಂಡೆ. ಎರಡು ದಿನದಿಂದ ಎಣ್ಣಿ ಬಿಟ್ಕೊಳ್ಳಾಕತ್ತೀನಿ ನೋಡ್ರಿ!"

ಜಗಳ ಮರೆತೇಹೋಯಿತು. ನನ್ನ ಮಾತಿಗೆ ಇಷ್ಟು ತೂಕವಿದೆಯೇ ಎಂದು ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಎರಡನೇ ಸಲ ಶಾಂತಾ "ನೀವು ಹೊರಗ ಕುಂದ್ರಿ" ಎಂದು ತಾನೇ ಬಾರಿಸಿ, ಮಂಕು ಬಣ್ಣದ ಕಲ್ಲೊಂದನ್ನು ಆರಿಸಿದಳು. ವರ್ಷವಾಗುತ್ತ ಬಂತು. ಈಗ ನಿಂತು, ಹಾಡಿಕೊಳ್ಳುತ್ತ ರೊಟ್ಟಿ ಬಡಿಯುತ್ತಾಳೆ, ನೋವೂ ತಗ್ಗಿದೆ. ಬಿಸಿ ಬಿಸಿ ರೊಟ್ಟಿ ತಿನ್ನುವವನು ನಾನೇ. ಆದರೂ ಅವಳು ಹಿತ್ತಲಿಗೆ ಹೋದಾಗ ಆ ಕಲ್ಲನ್ನು ಮೆಲ್ಲಗೆ ಬಾರಿಸಿ ನೋಡುತ್ತೇನೆ. ದೇವರಾಣೆ, ದಬ್ ಅನ್ನುತ್ತದೆ! ಯಾವತ್ತು ಒಡೆಯುತ್ತದೋ ಎಂದು ದಿನಾ ಆಸೆಯಿಂದ ಕಾಯುತ್ತಿದ್ದೇನೆ.